ಪಾರ್ಶ್ವವಾಯುವಿನ ನಂತರ: ಊಟ, ನಡಿಗೆ ಮತ್ತು ಮಿದುಳಿನ ಮರುಕಲಿಕೆ

ಒಂದು ಪಕ್ಕದ ಕೈಕಾಲು ಇದ್ದಕ್ಕಿದ್ದಂತೆ ಸ್ವಾಧೀನ ತಪ್ಪುತ್ತದೆ. ಬಾಯಿ ಸೊಟ್ಟಗಾಗುತ್ತದೆ, ಮಾತು ತೊದಲುತ್ತದೆ. ಇದನ್ನೇ ನಮ್ಮ ಜನ 'ಲಕ್ವ ಹೊಡೆಯಿತು' ಎನ್ನುತ್ತಾರೆ. ತೊಂದರೆ ಕಾಣುವುದು ಕೈಕಾಲಿನಲ್ಲಿ. ಆದರೆ ಪೆಟ್ಟು ಬಿದ್ದಿರುವುದು ಮಿದುಳಿಗೆ. ಇಷ್ಟು ಮನದಟ್ಟಾದರೆ, ಕೈಗೆ ಪಾರಿವಾಳದ ರಕ್ತ ಹಚ್ಚುವುದರಿಂದ ಲಕ್ವ ಏಕೆ ವಾಸಿಯಾಗದು ಎಂಬುದು ನಿಮಗೇ ತಿಳಿಯುತ್ತದೆ.

ಮಿದುಳಿಗೆ ಏನಾಗುತ್ತದೆ?

ದೇಹದ ತೂಕದಲ್ಲಿ ಮಿದುಳಿನ ಪಾಲು ಶೇ. 2ರಷ್ಟು ಮಾತ್ರ. ಆದರೆ ಅದು ಬಳಸುವ ಆಮ್ಲಜನಕ ಸುಮಾರು ಶೇ. 20. ರಕ್ತನಾಳ ಕಟ್ಟಿಕೊಂಡರೆ ಅಥವಾ ಒಡೆದರೆ ಆ ಭಾಗದ ನರಕೋಶಗಳು ಸಾಯತೊಡಗುತ್ತವೆ. ದೊಡ್ಡ ನಾಳ ಕಟ್ಟಿಕೊಂಡಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ನಷ್ಟವಾಗುತ್ತವೆ ಎಂಬುದು 2006ರ ಒಂದು ಅಂದಾಜು.

ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ನಾಳ ಒಡೆದು ರಕ್ತ ಸೋರಿದ್ದರೆ ಅದೇ ಮದ್ದು ಪ್ರಾಣಕ್ಕೆ ಕುತ್ತು. ಆದ್ದರಿಂದ ಮೊದಲು ಸಿ.ಟಿ. ಸ್ಕ್ಯಾನ್ ಆಗಲೇಬೇಕು. ಹರಿಹರದಿಂದ ದಾವಣಗೆರೆಗೆ ಸುಮಾರು 14 ಕಿ.ಮೀ. ಮಾತ್ರ. ಸಮಯ ಕಳೆದುಹೋಗುವುದು ದಾರಿಯಲ್ಲಲ್ಲ, 'ಬೆಳಗಾಗಲಿ, ನೋಡೋಣ' ಎಂದು ಮನೆಯಲ್ಲಿ ಕಾಯುವುದರಲ್ಲಿ. ಲಕ್ಷಣ ಕಂಡ ಕೂಡಲೇ 108ಕ್ಕೆ ಕರೆ ಮಾಡಿ. ರೋಗಿಯ ಬಾಯಿಗೆ ನೀರನ್ನೂ ಹಾಕಬೇಡಿ. ನುಂಗುವ ಶಕ್ತಿ ಕುಂದಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು.

ಸತ್ತ ಕೋಶ, ಕಲಿಯುವ ಮಿದುಳು

ಸತ್ತ ನರಕೋಶಗಳು ಮರಳಿ ಹುಟ್ಟುವುದಿಲ್ಲ ಎನ್ನಬಹುದು. ಹಾಗಾದರೆ ರೋಗಿ ಚೇತರಿಸಿಕೊಳ್ಳುವುದು ಹೇಗೆ? ಪಕ್ಕದ ಆರೋಗ್ಯವಂತ ಭಾಗಗಳು ಹೊಸ ಸಂಪರ್ಕ ಬೆಳೆಸಿಕೊಂಡು ಕಳೆದುಹೋದ ಕೆಲಸವನ್ನು ಸ್ವಲ್ಪಮಟ್ಟಿಗೆ ವಹಿಸಿಕೊಳ್ಳುತ್ತವೆ. 1996ರಲ್ಲಿ ರ‍್ಯಾಂಡಾಲ್ಫ್ ನ್ಯೂಡೊ ಮತ್ತು ಸಂಗಡಿಗರು ಮಿದುಳಿಗೆ ಪೆಟ್ಟಾದ ಕೋತಿಗಳಿಗೆ ಸಣ್ಣ ಗುಳಿಗಳಿಂದ ಆಹಾರದ ಉಂಡೆಗಳನ್ನು ಹೆಕ್ಕುವ ಅಭ್ಯಾಸ ಮಾಡಿಸಿದರು. ಅಭ್ಯಾಸ ಪಡೆದ ಕೋತಿಗಳಲ್ಲಿ ಕೈಯನ್ನು ನಿಯಂತ್ರಿಸುವ, ಅಳಿದುಳಿದ ಮಿದುಳಿನ ಭಾಗ ಕುಗ್ಗದೆ ಉಳಿಯಿತು, ಕೆಲವುಗಳಲ್ಲಿ ವಿಸ್ತರಿಸಿತು.

ಇದರ ಅರ್ಥ ಸರಳ. ದುರ್ಬಲ ಕೈಯನ್ನು ಮಡಿಲಲ್ಲಿಟ್ಟು ಕುಳಿತರೆ ಮಿದುಳು ಅದನ್ನು ಮರೆಯುತ್ತದೆ. ತಟ್ಟೆಯಿಂದ ಕಾಳು ಹೆಕ್ಕುವುದು, ಲೋಟ ಹಿಡಿಯುವುದು, ಗುಂಡಿ ಹಾಕುವುದು, ಎರಡೂ ಕೈಯಿಂದ ರೊಟ್ಟಿ ಬಡಿಯಲು ಯತ್ನಿಸುವುದು – ಇಂಥ ಕೆಲಸಗಳನ್ನು ದಿನವೂ ಮತ್ತೆ ಮತ್ತೆ ಮಾಡಬೇಕು. ಮೊದಲ ಮೂರು ತಿಂಗಳಲ್ಲಿ ಚೇತರಿಕೆ ವೇಗವಾಗಿರುತ್ತದೆ. ಆಮೇಲೆ ನಿಧಾನವಾದರೂ ನಿಂತುಹೋಗುವುದಿಲ್ಲ.

ಎಷ್ಟು ವ್ಯಾಯಾಮ?

ಹೆಚ್ಚು ಮಾಡಿದಷ್ಟೂ ಒಳ್ಳೆಯದು ಎಂಬುದು ಸರಿಯಲ್ಲ. ಐದು ದೇಶಗಳ 2104 ರೋಗಿಗಳ ಮೇಲೆ ನಡೆದ ಅಧ್ಯಯನವೊಂದರ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಮೊದಲ 24 ಗಂಟೆಯೊಳಗೇ ರೋಗಿಯನ್ನು ಎಬ್ಬಿಸಿ ಹೆಚ್ಚು ಹೆಚ್ಚು ನಡೆದಾಡಿಸಿದವರಲ್ಲಿ ಫಲಿತಾಂಶ ಕೆಟ್ಟದಾಗಿತ್ತು. ಯಾವಾಗ, ಎಷ್ಟು ಎಂಬುದನ್ನು ವೈದ್ಯರು ಮತ್ತು ಫಿಸಿಯೋಥೆರಪಿ ತಜ್ಞರೇ ನಿರ್ಧರಿಸಬೇಕು.

ಮನೆಯವರಿಗೆ ವ್ಯಾಯಾಮ ಹೇಳಿಕೊಟ್ಟು ಕಳಿಸಿದರೆ ಸಾಲದೆ? ಭಾರತದ 14 ಆಸ್ಪತ್ರೆಗಳ 1250 ರೋಗಿಗಳಲ್ಲಿ ಈ ಕ್ರಮವನ್ನು ಪರೀಕ್ಷಿಸಲಾಯಿತು. 2017ರಲ್ಲಿ ಪ್ರಕಟವಾದ ಉತ್ತರ ನಿರಾಶೆಯದು: ಆರು ತಿಂಗಳ ನಂತರ, ಮಾಮೂಲಿ ಆರೈಕೆ ಪಡೆದವರಿಗೂ ಇವರಿಗೂ ಗಮನಾರ್ಹ ವ್ಯತ್ಯಾಸವಿರಲಿಲ್ಲ. ಮನೆಯವರ ಪ್ರೀತಿ ಬೇಕೇ ಬೇಕು. ಆದರೆ ಅದು ತಜ್ಞರ ನೆರವಿಗೆ ಬದಲಿಯಲ್ಲ.

ನಡೆಯಲು ಶಕ್ತರಾದವರು ವಾರಕ್ಕೆ ನಾಲ್ಕು ಬಾರಿ, ಕನಿಷ್ಠ 10 ನಿಮಿಷದ ಸಾಧಾರಣ ಬಿರುಸಿನ ನಡಿಗೆಯ ಗುರಿ ಇಟ್ಟುಕೊಳ್ಳಬಹುದು ಎನ್ನುತ್ತದೆ ಅಮೆರಿಕದ 2021ರ ಮಾರ್ಗಸೂಚಿ. ದಾವಣಗೆರೆಯ ಕುಂದವಾಡ ಕೆರೆ ಏರಿ ಆಗಬಹುದು, ಹರಿಹರದ ಸಮತಟ್ಟಾದ ಯಾವುದೇ ಬೀದಿ ಆಗಬಹುದು. ಮೊದಮೊದಲು ಜೊತೆಗೊಬ್ಬರು ಇರಲಿ.

ತಟ್ಟೆಯಲ್ಲಿ ಏನಿರಬೇಕು?

ಒಮ್ಮೆ ಪಾರ್ಶ್ವವಾಯು ಆದವರಿಗೆ ಮತ್ತೊಮ್ಮೆ ಆಗುವ ಅಪಾಯ ಹೆಚ್ಚು. 32 ದೇಶಗಳಲ್ಲಿ ನಡೆದ 'ಇಂಟರ್‌ಸ್ಟ್ರೋಕ್' ಅಧ್ಯಯನದಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರೂ ಇದ್ದರು. ಬದಲಾಯಿಸಬಹುದಾದ ಹತ್ತು ಕಾರಣಗಳು ಸೇರಿ ಸುಮಾರು ಶೇ. 90ರಷ್ಟು ಪಾರ್ಶ್ವವಾಯುವಿಗೆ ಸಂಬಂಧಿಸಿವೆ ಎಂದು 2016ರಲ್ಲಿ ಅದು ತಿಳಿಸಿತು. ಅವುಗಳಲ್ಲಿ ಮೊದಲನೆಯದು ಅಧಿಕ ರಕ್ತದೊತ್ತಡ.

ನಾಳದ ಒಳಗೋಡೆಗೆ ಕೊಬ್ಬು ಸೇರಿ ದಾರಿ ಕಿರಿದಾಗುವುದೂ ಸಣ್ಣ ಸಂಗತಿಯಲ್ಲ. ಪ್ವಾಸೇಯ್ ನಿಯಮದಂತೆ, ಉಳಿದೆಲ್ಲ ಅಂಶಗಳೂ ಅಷ್ಟೇ ಇದ್ದಾಗ, ನಳಿಗೆಯ ತ್ರಿಜ್ಯ ಅರ್ಧವಾದರೆ ಹರಿವು ಹದಿನಾರನೆಯ ಒಂದು ಭಾಗಕ್ಕೆ ಇಳಿಯುತ್ತದೆ.

ದಾವಣಗೆರೆಯ ಬೆಣ್ಣೆದೋಸೆಯ ಹೆಸರು ಎಲ್ಲರಿಗೂ ಗೊತ್ತು. ಅದು ಅಪರೂಪದ ತಿನಿಸಾಗಿರಲಿ. ಮಂಡಕ್ಕಿ ಹಗುರ, ನಿಜ. ಆದರೆ ಅಕ್ಕಿಗೆ ಉಪ್ಪುನೀರು ಬೆರೆಸಿಯೇ ಹುರಿಯುತ್ತಾರೆ, ಜೊತೆಗೆ ಎಣ್ಣೆಯಲ್ಲಿ ಕರಿದ ಮೆಣಸಿನಕಾಯಿ ಬೇರೆ! ಜೋಳದ ರೊಟ್ಟಿ, ನವಣೆ ಅನ್ನ, ಬೇಳೆಕಾಳು, ಸೊಪ್ಪಿನ ಪಲ್ಯ, ಹಣ್ಣು – ಇವು ದುಬಾರಿಯಲ್ಲ, ಹೊಸತೂ ಅಲ್ಲ.

ಚೀನಾದ 600 ಹಳ್ಳಿಗಳಲ್ಲಿ, ಸೋಡಿಯಂ ಕಡಿಮೆ ಮಾಡಿ ಪೊಟ್ಯಾಸಿಯಂ ಬೆರೆಸಿದ ಉಪ್ಪನ್ನು ಬಳಸಿದವರಲ್ಲಿ ಪಾರ್ಶ್ವವಾಯು ಶೇ. 14ರಷ್ಟು ಇಳಿಯಿತು (2021). ಅವರಲ್ಲಿ ಬಹುಪಾಲು ಜನರಿಗೆ ಮೊದಲೇ ಒಮ್ಮೆ ಪಾರ್ಶ್ವವಾಯು ಆಗಿತ್ತು. ಆದರೆ ಮೂತ್ರಪಿಂಡದ ತೊಂದರೆ ಇದ್ದವರು, ಕೆಲವು ಬಗೆಯ ರಕ್ತದೊತ್ತಡದ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಇಂಥ ಉಪ್ಪು ಬಳಸಬಾರದು.

ತರಗತಿಗೊಂದು ಲೆಕ್ಕ

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದಿನಕ್ಕೆ ಒಬ್ಬರಿಗೆ ಉಪ್ಪು 5 ಗ್ರಾಂಗಿಂತ ಕಡಿಮೆ ಇರಬೇಕು. ಅಂದರೆ ಸುಮಾರು ಒಂದು ಟೀ ಚಮಚ. ನಿಮ್ಮ ಮನೆಯಲ್ಲಿ ನಾಲ್ವರಿದ್ದು ತಿಂಗಳಿಗೆ ಒಂದೂವರೆ ಕಿಲೋ ಉಪ್ಪು ಖರ್ಚಾದರೆ, 1500 ಗ್ರಾಂ ಅನ್ನು 120ರಿಂದ ಭಾಗಿಸಿ: ಒಬ್ಬರಿಗೆ ದಿನಕ್ಕೆ 12.5 ಗ್ರಾಂ. ಹೋಟೆಲಿನ ತಿಂಡಿಯ ಉಪ್ಪು ಇದರಲ್ಲಿ ಸೇರಿಲ್ಲ. ಶಿಕ್ಷಕರು ಈ ಲೆಕ್ಕವನ್ನು ಮಕ್ಕಳಿಂದ ಮಾಡಿಸಬಹುದು.

ಕೊನೆಯದಾಗಿ, ಪಥ್ಯ ಮತ್ತು ನಡಿಗೆ ಮಾತ್ರೆಗೆ ಪರ್ಯಾಯವಲ್ಲ. 'ಈಗ ಆರಾಮಿದೀನಿ' ಎಂದು ರಕ್ತದೊತ್ತಡದ ಮಾತ್ರೆ ನಿಲ್ಲಿಸುವುದು ಎರಡನೆಯ ಆಘಾತಕ್ಕೆ ದಾರಿ. ಮನೆಯ ಹಿರಿಯರು ಇವತ್ತಿನ ಮಾತ್ರೆ ನುಂಗಿದರೇ ಎಂದು ದಿನವೂ ಕೇಳುವ ಕೆಲಸವನ್ನು ಮಕ್ಕಳು ವಹಿಸಿಕೊಳ್ಳಲಿ.