ಗಾಳಿಯೊಡನೆ ಗುದ್ದಾಟವೇಕೆ?

ಆಷಾಢ ಕಾಲಿಟ್ಟಿತೆಂದರೆ ಕಡೂರಿನ ಬಯಲುಸೀಮೆಯಲ್ಲಿ ಗಾಳಿಯದೇ ದರ್ಬಾರು. ಪಶ್ಚಿಮದಲ್ಲಿ ನಿಂತಿರುವ ಬಾಬಾಬುಡನ್ ಗಿರಿಶ್ರೇಣಿ ಮಳೆಯ ಬಹುಭಾಗವನ್ನು ತಾನೇ ಹಿಡಿದಿಟ್ಟುಕೊಂಡು, ಗಾಳಿಯನ್ನು ಮಾತ್ರ ಧಾರಾಳವಾಗಿ ಮೂಡಣಕ್ಕೆ ಕಳುಹಿಸುತ್ತದೆ. ಈ ಸೀಮೆಯ ಹೋಬಳಿ ಕೇಂದ್ರಗಳಲ್ಲಿ ಚೌಳಹಿರಿಯೂರೂ ಒಂದು. ತೆಂಗಿನ ತೋಟದ ಮರೆ ಇರುವಷ್ಟು ದೂರ ದಾರಿ ಹಿತವಾಗಿಯೇ ಇರುತ್ತದೆ. ತೋಟ ಮುಗಿದು ಹೊಲ, ಹುಲ್ಲುಬಯಲು ತೆರೆದುಕೊಂಡೊಡನೆ ಗಾಳಿ ಎದೆಗೇ ಬಂದು ಬಡಿಯುತ್ತದೆ. ಹಿಂದೆ ಮೈಸೂರು ಅರಸರ ಅಮೃತಮಹಲ್ ದನಗಳು ಮೇಯುತ್ತಿದ್ದ ಕಾವಲುಗಳಿರುವ ನಾಡು ಇದು. ಅಲ್ಲಿ ಗಾಳಿಗೆ ಅಡ್ಡ ನಿಲ್ಲುವ ಮರಗಳು ವಿರಳ.

“ಗಾಳಿ ಬಂದಾಗ ತೂರಿಕೋ” ಎಂದು ಹಿರಿಯರು ಹೇಳಿದರು. ಕಣದಲ್ಲಿ ರಾಗಿ ತೂರುವ ರೈತನಿಗೆ ಈ ಮಾತು ಒಪ್ಪುತ್ತದೆ. ಚಿತ್ರದುರ್ಗ ಜಿಲ್ಲೆಯ ಗುಡ್ಡಗಳ ಮೇಲೆ ಸಾಲುಗಟ್ಟಿ ನಿಂತು ವಿದ್ಯುತ್ತು ಕೊಡುವ ಗಾಳಿಯಂತ್ರಗಳಿಗೂ ಒಪ್ಪುತ್ತದೆ. ಆದರೆ ಮೋಟಾರ್ ಸೈಕಲ್ಲಿನ ಸವಾರನಿಗೆ ಗಾಳಿ ಬಂದಾಗ ತೂರಿಕೊಳ್ಳುವುದಕ್ಕೆ ಇರುವುದೇನು? ಅವನಿಗೆ ಬೇಕಾದುದು ಒಂದಿಷ್ಟು ಮರೆ.

ಕಡೂರಿನಲ್ಲಿ ಮನೆ, ಚೌಳಹಿರಿಯೂರಿನ ಕಡೆ ಶಾಲೆ, ನಡುವೆ ಮೋಟಾರ್ ಸೈಕಲ್ಲು—ಇಂಥ ಒಬ್ಬ ಮೇಷ್ಟರನ್ನು ಊಹಿಸಿಕೊಳ್ಳೋಣ. ಹೆಸರು ಬೇಡ, ಇಂಥವರು ಎಲ್ಲ ಊರುಗಳಲ್ಲಿಯೂ ಉಂಟು. ಸಂಜೆ ಮನೆ ಸೇರುವಷ್ಟರಲ್ಲಿ ಅವರ ಕತ್ತು ಮರಗಟ್ಟಿರುತ್ತದೆ, ಕಿವಿಯಲ್ಲಿ ಗುಂಯ್‌ಗುಟ್ಟುವ ಸದ್ದು ನಿಂತಿರುವುದಿಲ್ಲ. ಒಂದು ಭಾನುವಾರ ಅವರು ಬಿಡಿಭಾಗಗಳ ಅಂಗಡಿಗೆ ಹೋದರು. ಅಂಗಡಿಯವನು ಇದ್ದುದರಲ್ಲಿ ಅತಿ ಎತ್ತರದ ಪಾರದರ್ಶಕ ಫಲಕವನ್ನು ಕೆಳಗಿಳಿಸಿ, “ಮೇಷ್ಟ್ರೇ, ಇದನ್ನು ಹಾಕಿಸಿಬಿಡಿ, ಗಾಳಿಯ ಗೋಳೇ ಇರೋದಿಲ್ಲ” ಎಂದನು. ಮೇಷ್ಟರು ಹಾಕಿಸಿದರು.

ಮರುದಿನ ಎದೆಗೆ ಬಡಿಯುತ್ತಿದ್ದ ಗಾಳಿ ನಿಂತಿತು. ಆದರೆ ತಲೆ ಮೊದಲಿಗಿಂತ ಹೆಚ್ಚಾಗಿ ಅಲುಗಾಡತೊಡಗಿತು. ಹೆಲ್ಮೆಟ್ಟಿನೊಳಗೆ ಯಾರೋ ತಮಟೆ ಬಾರಿಸಿದಂತೆ ಸದ್ದು! ಆ ವಾರ ಹಿಂದೆ ಕುಳಿತು ಬಂದ ಅವರ ಪತ್ನಿ ಮನೆಯ ಮುಂದೆ ಇಳಿದವರೇ, “ಏನೂಂದ್ರೆ, ಇಷ್ಟು ದಿನ ನಿಮಗೆ ಬಡೀತಿದ್ದ ಗಾಳೀನೆಲ್ಲ ದುಡ್ಡು ಕೊಟ್ಟು ನನಗೆ ದಾಟಿಸಿದ್ದೀರಲ್ಲ!” ಎಂದರು. ಆಕೆಯ ಮಾತು ವಿನೋದದ್ದಾದರೂ ವಿಜ್ಞಾನಕ್ಕೆ ಸ್ವಲ್ಪವೂ ವಿರುದ್ಧವಾದುದಲ್ಲ.

ಬಣವೆಯ ಹಿಂದಿನ ಸುಳಿ

ಕಣದಲ್ಲಿ ತೂರುವುದನ್ನು ನೋಡಿದವರಿಗೆ ಇದರ ಮರ್ಮ ಸುಲಭವಾಗಿ ತಿಳಿಯುತ್ತದೆ. ರೈತನು ತೂರುವುದಕ್ಕೆ ಗಾಳಿ ನೇರವಾಗಿ ಹಾಯುವ ಜಾಗವನ್ನು ಆರಿಸಿಕೊಳ್ಳುತ್ತಾನೆ. ಬಣವೆಯ ಹಿಂದೆ ನಿಲ್ಲುವುದಿಲ್ಲ. ನಿಂತರೆ ಹೊಟ್ಟು ಒಂದೇ ದಿಕ್ಕಿಗೆ ಹಾರುವ ಬದಲು ಸುತ್ತಿ ಸುತ್ತಿ ಅವನ ಕಣ್ಣಿಗೇ ಬೀಳುತ್ತದೆ. ಬಣವೆ ಗಾಳಿಯನ್ನು ತಡೆಯುವುದೇನೋ ನಿಜ. ಆದರೆ ಅದರ ನೆತ್ತಿಯನ್ನೂ ಪಕ್ಕಗಳನ್ನೂ ಹಾಯ್ದು ಬಂದ ಗಾಳಿ, ಹಿಂದೆ ಒತ್ತಡ ಕಡಿಮೆಯಾಗಿರುವ ಕಡೆಗೆ ನುಗ್ಗಿ ಸುಳಿಗಳಾಗಿ ಒಡೆಯುತ್ತದೆ. ತರೀಕೆರೆಯ ಕಡೆ ಭದ್ರಾ ನಾಲೆಯ ಸೇತುವೆಯ ಕಂಬದ ಹಿಂದೆ ನೀರು ಸುಳಿಸುಳಿಯಾಗಿ ತಿರುಗುವುದಕ್ಕೂ ಕಾರಣ ಇದೇ. ಹೀಗೆ ಎಡಕ್ಕೊಂದು ಬಲಕ್ಕೊಂದರಂತೆ ಸರದಿಯಾಗಿ ಹುಟ್ಟುವ ಸುಳಿಗಳ ಸಾಲಿಗೆ ಹಂಗೆರಿಯಲ್ಲಿ ಹುಟ್ಟಿದ ವಿಜ್ಞಾನಿ ಥಿಯೋಡರ್ ವಾನ್ ಕಾರ್ಮಾನ್ ಅವರ ಹೆಸರೇ ನಿಂತಿದೆ.

ಮೋಟಾರ್ ಸೈಕಲ್ಲಿನ ಗಾಳಿತಡೆಯೂ ಒಂದು ಪುಟ್ಟ ಬಣವೆ. ಅದರ ಹಿಂದೆ, ಸವಾರನ ಎದೆಯ ಮುಂದೆ, ಶಾಂತವಾದ ಒಂದು ಪ್ರದೇಶ ಉಂಟಾಗುತ್ತದೆ. ಮೇಲೆ ನಿರ್ಮಲವಾಗಿ ಹರಿಯುವ ಗಾಳಿ. ಇವೆರಡರ ನಡುವಿನ ಗಡಿಯೇ ಸುಳಿಗಳ ತಾಣ. ಸವಾರನ ತಲೆ ಪೂರ್ಣವಾಗಿ ಶಾಂತ ಪ್ರದೇಶದೊಳಗಿದ್ದರೆ ಒಳ್ಳೆಯದು. ಪೂರ್ಣವಾಗಿ ನಿರ್ಮಲ ಗಾಳಿಯಲ್ಲಿದ್ದರೂ ಬಾಧಕವಿಲ್ಲ. ಸರಿಯಾಗಿ ಗಡಿಯಲ್ಲಿಯೇ ಸಿಕ್ಕಿಕೊಂಡರೆ ಮಾತ್ರ ಕ್ಷಣಕ್ಕೊಂದು ದಿಕ್ಕಿನಿಂದ ಪೆಟ್ಟು ತಪ್ಪಿದ್ದಲ್ಲ. ಒಂದೇ ಸಮನೆ ನೂಕುವ ಗಾಳಿಗೆ ಕತ್ತು ಒಗ್ಗಿಕೊಳ್ಳುತ್ತದೆ. ಅಲುಗಾಡಿಸುವ ಗಾಳಿಗೆ ಒಗ್ಗುವುದಿಲ್ಲ. ನೋಟ ಮಸುಕಾಗುತ್ತದೆ, ಆಯಾಸ ಬೇಗ ಆವರಿಸುತ್ತದೆ. ದಣಿದ ಸವಾರನಿಗೆ ಅಡ್ಡ ಬಂದ ಕರು ಒಂದು ಕ್ಷಣ ತಡವಾಗಿ ಕಂಡರೆ ಆಗುವ ಅನಾಹುತವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದುದರಿಂದ ಇದು ಬರಿಯ ಸುಖದ ಪ್ರಶ್ನೆಯಲ್ಲ.

ಗಾಳಿಯ ಬಲ ವೇಗದ ವರ್ಗಕ್ಕನುಗುಣವಾಗಿ ಏರುತ್ತದೆಂಬುದನ್ನೂ ಇಲ್ಲಿ ನೆನೆಯಬೇಕು. ನೇರವಾಗಿ ಕುಳಿತ ಸವಾರನ ಮೈಯ ಮುಂಭಾಗವನ್ನು ಅರ್ಧ ಚದರ ಮೀಟರ್ ಎಂದು ಲೆಕ್ಕ ಹಿಡಿದರೆ, ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಅವನ ಮೇಲೆ ಸುಮಾರು 8 ಕಿಲೋ ತೂಕದಷ್ಟು ಒತ್ತಡ ಬೀಳುತ್ತದೆ. ವೇಗ 80ಕ್ಕೆ ಏರಿದರೆ ಅದು 15 ಕಿಲೋ! ಎದುರಿನಿಂದ 20 ಕಿಲೋಮೀಟರ್ ವೇಗದ ಗಾಳಿ ಬೀಸುತ್ತಿದ್ದರೆ, 60ರಲ್ಲಿ ಹೋಗುತ್ತಿರುವವನೂ 80ರ ಪೆಟ್ಟನ್ನೇ ತಿನ್ನಬೇಕು. ಆಷಾಢದಲ್ಲಿ ಮೇಷ್ಟರ ಕತ್ತು ನೋಯುವುದರಲ್ಲಿ ಆಶ್ಚರ್ಯವೇನಿದೆ?

ಅಂದಿನ ಸ್ಕೂಟರು, ಇಂದಿನ ಹೆದ್ದಾರಿ

ಗಾಳಿತಡೆ ಹೊಸ ವಸ್ತುವೇನೂ ಅಲ್ಲ. ಹಿಂದೆ ಸಂಸಾರಸ್ಥರ ಸ್ಕೂಟರುಗಳ ಮುಂದೆ ಇಂಥ ಅಗಲವಾದ ಪಾರದರ್ಶಕ ಫಲಕ ಕಾಣಸಿಗುತ್ತಿತ್ತು. ಅದರ ಹಿಂದೆ ನಿಂತ ಮಗು, ನಡುವೆ ತಂದೆ, ಹಿಂದೆ ಒಂದೇ ಪಕ್ಕಕ್ಕೆ ಕಾಲಿಳಿಬಿಟ್ಟು ಕುಳಿತ ತಾಯಿ—ಇಡೀ ಕುಟುಂಬ ಅದರ ಆಸರೆಯಲ್ಲಿ ಊರು ಸುತ್ತಿದ್ದುಂಟು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಜಾವಾ ಮೋಟಾರ್ ಸೈಕಲ್ಲುಗಳು ಹೊರಬೀಳತೊಡಗಿದವು. 1973ರಿಂದ ಅವು ಯೆಜ್ಡಿ ಎನಿಸಿಕೊಂಡವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆ ದಿನಗಳ ಕಿರಿದಾದ ರಸ್ತೆಗಳಲ್ಲಿ ವೇಗವೇ ಕಡಿಮೆಯಾದುದರಿಂದ ಫಲಕ ಎಷ್ಟು ಎತ್ತರವಿದ್ದರೂ ನಡೆಯುತ್ತಿತ್ತು. ಇಂದು ಬೀರೂರು, ಕಡೂರುಗಳನ್ನು ಹಾಯ್ದುಹೋಗುವ ಹೆದ್ದಾರಿಯಲ್ಲಿ ಸಾಧಾರಣ ಮೋಟಾರ್ ಸೈಕಲ್ಲೂ ಸಲೀಸಾಗಿ 80 ಮುಟ್ಟುತ್ತದೆ. ಬೆರಳಗಲದ ವ್ಯತ್ಯಾಸವೂ ಈಗ ಲೆಕ್ಕಕ್ಕೆ ಬರುತ್ತದೆ.

ಅಳತೆ ಮೊದಲು, ಅಂಗಡಿ ಆಮೇಲೆ

ದೊಡ್ಡದಾದಷ್ಟೂ ಒಳ್ಳೆಯದೆಂಬುದೇ ಗಾಳಿತಡೆಯ ವಿಷಯದಲ್ಲಿ ಜನ ಮಾಡುವ ಮೊದಲ ತಪ್ಪು. ಒಬ್ಬರಿಗೆ ಹೊಂದಿದ್ದು ಇನ್ನೊಬ್ಬರಿಗೆ ಹೊಂದುತ್ತದೆಂಬ ನಂಬಿಕೆ ಎರಡನೆಯದು. ಅಂಗಿಯನ್ನು ಮೈಯಳತೆಗೆ ಹೊಲಿಸುವಂತೆ ಇದನ್ನೂ ಸವಾರನ ಎತ್ತರ, ಸೀಟಿನ ಎತ್ತರ, ಹ್ಯಾಂಡಲಿನ ದೂರ ಇವುಗಳನ್ನು ನೋಡಿಯೇ ಆರಿಸಬೇಕು.

ಇದಕ್ಕೆ ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆ ಒಂದುಂಟು. ವಾಹನವನ್ನು ಅಂಗಳದಲ್ಲಿ ನಿಲ್ಲಿಸಿ, ಹೆಲ್ಮೆಟ್ಟು ಧರಿಸಿ, ಎಂದಿನಂತೆ ಕುಳಿತುಕೊಳ್ಳಬೇಕು. ಇನ್ನೊಬ್ಬರು ಫಲಕ ಬರುವ ಜಾಗದಲ್ಲಿ ಒಂದು ರಟ್ಟನ್ನು ಹಿಡಿಯಬೇಕು. ಸವಾರನು ರಟ್ಟಿನ ಮೇಲಂಚಿನ ಮೇಲಿನಿಂದಲೇ ರಸ್ತೆಯನ್ನು ಕಾಣುವಂತಿರಬೇಕು. ಅಂಚು ಸುಮಾರಾಗಿ ಮೂಗಿನ ಮಟ್ಟವನ್ನು ಮೀರಬಾರದು. ಗಾಳಿ ಅಂಚನ್ನು ದಾಟಿದ ಮೇಲೆಯೂ ಸ್ವಲ್ಪ ಮೇಲಕ್ಕೇ ಚಿಮ್ಮುವುದರಿಂದ ಫಲಕ ನೆತ್ತಿಯವರೆಗೆ ಇರಬೇಕಾದ ಅಗತ್ಯವಿಲ್ಲ. ಫಲಕದ ಮೂಲಕವೇ ನೋಡಬೇಕಾದ ಪ್ರಸಂಗ ಬಂದರೆ ಮಳೆಯ ಹನಿ, ಸಂಜೆಯ ಹುಳು, ಎದುರು ದೀಪದ ಪ್ರಭೆ ಎಲ್ಲವೂ ಕಣ್ಣಿಗೆ ಅಡ್ಡಿ.

ಫಲಕ ಈಗಾಗಲೇ ಇದ್ದವರಿಗೆ ಇನ್ನೊಂದು ಪರೀಕ್ಷೆ. ವಾಹನಗಳಿಲ್ಲದ ನೇರ ರಸ್ತೆಯಲ್ಲಿ, ಹಗಲು ಹೊತ್ತಿನಲ್ಲಿ, ಮಿತವೇಗದಲ್ಲಿ, ಎರಡು ಕೈಗಳನ್ನೂ ಹ್ಯಾಂಡಲಿನ ಮೇಲೆಯೇ ಇರಿಸಿಕೊಂಡು ಬೆನ್ನನ್ನು ಸ್ವಲ್ಪ ನೆಟ್ಟಗೆ ಮಾಡಬೇಕು. ಆಗ ಬಡಿತ ನಿಂತರೆ ನಿರ್ಮಲ ಗಾಳಿ ಸ್ವಲ್ಪ ಮೇಲೆಯೇ ಇದೆಯೆಂದು ಅರ್ಥ. ಇನ್ನೂ ಗಿಡ್ಡನೆಯ ಫಲಕ ಸಾಕು. ಕೊಂಚ ಬಗ್ಗಿದಾಗ ಬಡಿತ ನಿಂತರೆ ಶಾಂತ ಪ್ರದೇಶ ತಲೆಗೆ ಎಟುಕುತ್ತಿಲ್ಲವೆಂದು ಅರ್ಥ. ಎರಡು ಮೂರು ಬೆರಳು ಎತ್ತರಿಸಬೇಕು. ಅನೇಕರು ಹೆಚ್ಚಿನ ಹಣ ತೆತ್ತು ಎತ್ತರದ ಫಲಕ ತರುತ್ತಾರೆ. ಅವರಿಗೆ ಬೇಕಾದುದು ಗಿಡ್ಡನೆಯದೇ ಆಗಿರುವುದುಂಟು.

ಮೂರನೆಯ ಸಂಗತಿ ಕೆಳಗಿನ ಸಂದು. ಫಲಕದ ಬುಡವನ್ನು ಹೆಡ್‌ಲೈಟಿಗೆ ಒತ್ತಿ ಮುಚ್ಚಿಬಿಟ್ಟರೆ ಹಿಂದೆ ಒತ್ತಡ ಇಳಿದು, ಮೇಲಿನ ಗಾಳಿ ರಭಸದಿಂದ ಕೆಳಕ್ಕೆ ಸುತ್ತುತ್ತದೆ. ಬುಡದಲ್ಲಿ ಎರಡು ಬೆರಳಗಲ ಸಂದು ಬಿಟ್ಟರೆ ಅಲ್ಲಿಂದ ನುಗ್ಗಿದ ಗಾಳಿ ಆ ಕೊರತೆಯನ್ನು ತುಂಬುತ್ತದೆ. ಸುಳಿಯ ಅಬ್ಬರ ತಗ್ಗುತ್ತದೆ. ಫಲಕದ ಓರೆಯನ್ನು ಸ್ವಲ್ಪ ಸ್ವಲ್ಪವಾಗಿ ಬದಲಿಸಿಯೂ ನೋಡಬೇಕು. ಎತ್ತರವನ್ನೂ ಓರೆಯನ್ನೂ ಹೊಂದಿಸಿಕೊಳ್ಳಬಹುದಾದ ಹಿಡಿಕೆಗಳಿರುವ ಫಲಕಕ್ಕೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಹಿಂದೆ ಕುಳಿತವರನ್ನು ಮರೆಯುವುದು ನಾಲ್ಕನೆಯ ತಪ್ಪು. ಹಿಂದಿನ ಸೀಟು ಸಾಮಾನ್ಯವಾಗಿ ಎತ್ತರದಲ್ಲಿರುತ್ತದೆ. ಸವಾರನ ತಲೆಯನ್ನು ದಾಟಿಸಿದ ಸುಳಿ ನೇರವಾಗಿ ಅವರ ಮುಖಕ್ಕೆ ಬೀಳಬಹುದು. ಗೃಹಿಣಿಯ ಸಾಕ್ಷ್ಯವಿಲ್ಲದೆ ಈ ಪರೀಕ್ಷೆ ಪೂರ್ಣವಾಗದು.

ಗಾಜಲ್ಲದ ಗಾಜು

ನೋಡುವುದಕ್ಕೆ ಗಾಜಿನಂತಿದ್ದರೂ ಈ ಫಲಕಗಳು ಗಾಜಿನವಲ್ಲ. ಕೆಲವು ಅಕ್ರಿಲಿಕ್, 1930ರ ದಶಕದಲ್ಲಿ ಪ್ಲೆಕ್ಸಿಗ್ಲಾಸ್, ಪರ್ಸ್ಪೆಕ್ಸ್ ಎಂಬ ಹೆಸರುಗಳಿಂದ ಬಳಕೆಗೆ ಬಂದುದು. ಇನ್ನು ಕೆಲವು ಪಾಲಿಕಾರ್ಬೊನೇಟ್; 1953ರಲ್ಲಿ ಜರ್ಮನಿ, ಅಮೆರಿಕಗಳಲ್ಲಿ ಬೇರೆಬೇರೆಯಾಗಿ, ಆದರೆ ಹೆಚ್ಚುಕಡಮೆ ಒಟ್ಟಿಗೇ ಸಿದ್ಧವಾದುದು. ಅಕ್ರಿಲಿಕ್ ತಿಳಿಯಾಗಿರುತ್ತದೆ, ಬೇಗ ಗೀರು ಬೀಳುವುದಿಲ್ಲ. ಆದರೆ ಪೆಟ್ಟಿಗೆ ಸೀಳುತ್ತದೆ. ಪಾಲಿಕಾರ್ಬೊನೇಟ್ ಲಾರಿಯ ಗಾಲಿಯಿಂದ ಸಿಡಿದ ಕಲ್ಲನ್ನೂ ಸಹಿಸೀತು. ಮೇಲೆ ಗಟ್ಟಿ ಲೇಪವಿಲ್ಲದಿದ್ದರೆ ಬಟ್ಟೆಯ ಧೂಳಿಗೇ ಗೀರು ಬೀಳುತ್ತದೆ. ಪೆಟ್ರೋಲಿನಲ್ಲಾಗಲಿ ಅಮೋನಿಯ ಬೆರೆತ ಗಾಜಿನ ಶೋಧಕದಲ್ಲಾಗಲಿ ಇವುಗಳನ್ನು ಒರೆಸಲೇಬಾರದು. ಮೈಯೆಲ್ಲ ಕೂದಲೆಳೆಯಂಥ ಬಿರುಕುಗಳು ಮೂಡಿಯಾವು. ಒಣಗಿದ ಹುಳುಗಳ ಮೇಲೆ ಒದ್ದೆ ಬಟ್ಟೆಯನ್ನು ಸ್ವಲ್ಪ ಹೊತ್ತು ಹಾಸಿ, ನೆನೆದ ಮೇಲೆ ಸೌಮ್ಯವಾದ ಸಾಬೂನಿನ ನೀರಿನಿಂದ ತೊಳೆದರೆ ಸಾಕು. ಸ್ಕ್ರೂಗಳ ಕೆಳಗೆ ರಬ್ಬರು ಬಿಲ್ಲೆಯಿರಬೇಕು. ಅತಿಯಾಗಿ ಬಿಗಿದರೆ ರಂಧ್ರದಿಂದಲೇ ಸೀಳು ಹೊರಡುತ್ತದೆ.

ಜೋಡಿಸಿದ ಮೇಲೆ ಹ್ಯಾಂಡಲನ್ನು ಎರಡು ಕಡೆಗೂ ಪೂರ್ತಿಯಾಗಿ ತಿರುಗಿಸಿ, ಬ್ರೇಕಿನ ಕೇಬಲ್ಲು, ಕ್ಲಚ್ಚಿನ ಕೇಬಲ್ಲುಗಳು ಎಲ್ಲಿಯೂ ಸಿಕ್ಕಿಕೊಳ್ಳುವುದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಹೆಡ್‌ಲೈಟಿಗೂ ತಿರುವಿನ ದೀಪಗಳಿಗೂ ಮರೆಯಾಗಬಾರದು.

ಮರೆಗೂ ಮಿತಿಯುಂಟು

ಗಾಳಿತಡೆ ಎದುರುಗಾಳಿಗೆ ಮದ್ದೇ ಹೊರತು ಅಡ್ಡಗಾಳಿಗಲ್ಲ. ಬಯಲಿನಲ್ಲಿ ಪಕ್ಕದಿಂದ ಬೀಸುವ ಗಾಳಿಗೆ ಅಗಲವಾದ ಫಲಕ ದೋಣಿಯ ಹಾಯಿಯಂತಾಗುತ್ತದೆ. ಹ್ಯಾಂಡಲಿಗೇ ಬಿಗಿದ ಫಲಕವಾದರೆ ಆ ತಳ್ಳಾಟ ನೇರವಾಗಿ ಮುಂಚಕ್ರಕ್ಕೆ ತಲಪುತ್ತದೆ. ಬಸ್ಸು, ಲಾರಿಗಳು ಎದುರಾದಾಗ ಬರುವ ಹಠಾತ್ ಹೊಡೆತವೂ ಹಾಗೆಯೇ. ಸಡಿಲವಾದ ಹೆಲ್ಮೆಟ್ಟು ಯಾವ ಫಲಕದ ಹಿಂದೆಯೂ ಅಲುಗಾಡುತ್ತದೆ. ಆದುದರಿಂದ ತಲೆಗೆ ಹೊಂದುವ, ಐ.ಎಸ್.ಐ. ಮುದ್ರೆಯ ಹೆಲ್ಮೆಟ್ಟೇ ಮೊದಲ ಖರ್ಚು, ಫಲಕ ಎರಡನೆಯದು.

ಮೇಷ್ಟರ ಕಥೆ ಏನಾಯಿತೆನ್ನುವಿರಾ? ಪತಿಪತ್ನಿಯರಿಬ್ಬರೂ ಅಂಗಳದಲ್ಲಿ ರಟ್ಟು ಹಿಡಿದು ಅಳೆದರು. ಎತ್ತರದ ಫಲಕ ಅಂಗಡಿಗೆ ಮರಳಿತು. ಅದಕ್ಕಿಂತ ಒಂದು ಗೇಣು ಗಿಡ್ಡನೆಯದು, ಬುಡದಲ್ಲಿ ಸಂದು ಬಿಟ್ಟು, ಆ ಜಾಗದಲ್ಲಿ ಕುಳಿತಿತು. ಎದೆಗೆ ಗಾಳಿ ತಗುಲುವುದು ಮೊದಲಿನ ಅರ್ಧಕ್ಕಿಳಿಯಿತು, ತಲೆಯ ಅಲುಗಾಟವೂ ನಿಂತಿತು. ಆದರೂ ಆಷಾಢದ ಗಾಳಿ ಜೋರಾಗಿರುವ ದಿನಗಳಲ್ಲಿ ಮೇಷ್ಟರು ಇನ್ನೊಂದು ಉಪಾಯವನ್ನು ಅನುಸರಿಸುತ್ತಾರೆ. 30 ಕಿಲೋಮೀಟರ್ ದಾರಿಯನ್ನು 80ರ ಬದಲು 60ರ ವೇಗದಲ್ಲಿ ಕ್ರಮಿಸಿದರೆ ತಗಲುವ ಹೆಚ್ಚಿನ ಕಾಲ ಏಳೂವರೆ ನಿಮಿಷ. ಗಾಳಿಯ ಪೆಟ್ಟಿನಲ್ಲಿ ಆಗುವ ಉಳಿತಾಯ ಹೆಚ್ಚುಕಡಮೆ ಅರ್ಧ. ಯಾವ ಅಂಗಡಿಯಲ್ಲಿಯೂ ಸಿಗದ, ಎಲ್ಲ ಸವಾರರಿಗೂ ಒಂದೇ ಅಳತೆಯಲ್ಲಿ ಹೊಂದುವ ಗಾಳಿತಡೆ ಇದೊಂದೇ. ಮನೆಯಾಕೆ ಕಾಫಿಯನ್ನು ಹತ್ತು ನಿಮಿಷ ಮುಂಚಿತವಾಗಿ ಕೈಗಿತ್ತರೆ ಅದು ತಾನಾಗಿಯೇ ದೊರೆಯುತ್ತದೆ.