ಜ್ವರವಲ್ಲದ ಜ್ವರ

ನಾನು ಇತಿಹಾಸದ ವಿದ್ಯಾರ್ಥಿ. ಪ್ರಾಣಿಶಾಸ್ತ್ರದ ವಿಷಯವಾಗಿ ಬರೆಯಲು ನನಗೆ ಅಧಿಕಾರವಿಲ್ಲವೆಂದು ಸಂಪಾದಕ ಮಿತ್ರರಿಗೆ ಹೇಳಿ ನೋಡಿದೆ. "ನಿಮ್ಮ ಮನೆಯಲ್ಲಿ ರೇಷ್ಮೆಹುಳು ಸಾಕುತ್ತಾರಷ್ಟೆ? ಅದರ ವಿಚಾರ ಬರೆಯಿರಿ" ಎಂದರು. ತಪ್ಪಿಸಿಕೊಳ್ಳುವ ದಾರಿ ಕಾಣಲಿಲ್ಲ. ಆ ಹುಳುಗಳಿಗೂ ನನಗೂ ಹಳೆಯ ಲೆಕ್ಕವೊಂದು ತೀರದೆ ಉಳಿದಿರುವುದರಿಂದ ಒಪ್ಪಿಕೊಂಡೆ.

ನಮ್ಮದು ಕನಕಪುರದ ಕಡೆಯ ಒಂದು ಹಳ್ಳಿ. ಒಂದು ಎಕರೆ ಹಿಪ್ಪುನೇರಳೆ, ಅದಕ್ಕೆ ತಕ್ಕ ಹುಳುಮನೆ. ಆ ಸೀಮೆಯಲ್ಲಿ ಹುಟ್ಟಿದ ಮಕ್ಕಳು ಮಾತು ಕಲಿಯುವಾಗಲೇ 'ಹುಳು ಜ್ವರಕ್ಕೆ ಕೂತಿದೆ' ಎಂಬ ಮಾತನ್ನೂ ಕಲಿಯುತ್ತಾರೆ. ಮೊಟ್ಟೆಯೊಡೆದು ಬಂದ ಹುಳು ನಾಲ್ಕು ಬಾರಿ ಜ್ವರಕ್ಕೆ ಕೂರುತ್ತದೆ. ಆಗ ಸೊಪ್ಪು ತಿನ್ನುವುದನ್ನು ಬಿಡುತ್ತದೆ. ತಲೆಯನ್ನೂ ಮೈಯ ಮುಂಭಾಗವನ್ನೂ ಮೇಲಕ್ಕೆತ್ತಿ, ಜಪಕ್ಕೆ ಕುಳಿತ ಸಂನ್ಯಾಸಿಯಂತೆ ಅಲುಗಾಡದೆ ಇರುತ್ತದೆ. ಮೊದಲ ಮೂರು ಜ್ವರಗಳಿಗೆ ಹೆಚ್ಚು ಕಡಮೆ ಒಂದೊಂದು ದಿನ. ನಾಲ್ಕನೆಯದಕ್ಕೆ ಇನ್ನೂ ಕೆಲವು ಗಂಟೆ ಹೆಚ್ಚು. ಆಮೇಲೆ ಹಳೆಯ ಚರ್ಮವನ್ನು ಹಿಂದಕ್ಕೆ ಬಿಟ್ಟು, ಸುಕ್ಕುಸುಕ್ಕಾದ ಹೊಸ ಚರ್ಮದಲ್ಲಿ ಹೊರಬಂದು, ಹಸಿವಿನಿಂದ ತಲೆಯಾಡಿಸುತ್ತದೆ. ಇದಕ್ಕೆ 'ಜ್ವರದಿಂದ ಎದ್ದಿತು' ಎನ್ನುತ್ತಾರೆ.

ಹೆಸರು ಜ್ವರವಾದರೂ ಇದು ಕಾಯಿಲೆಯಲ್ಲ. ಈ ಮಾತು ನನಗೆ ತಿಳಿದೇ ಇತ್ತು. ತಿಳಿದೂ ಒಮ್ಮೆ ಮರೆತೆ. ಅದನ್ನೇ ಈಗ ಹೇಳಬೇಕಾಗಿದೆ.

ಎರಡು ವರ್ಷದ ಹಿಂದೆ ಬೇಸಗೆಯ ರಜೆಗೆ ಊರಿಗೆ ಹೋಗಿದ್ದೆ. ನೂರು ಮೊಟ್ಟೆಯ ಬೆಳೆ ನಾಲ್ಕನೆಯ ಜ್ವರಕ್ಕೆ ಬಂದಿತ್ತು. ನೂರು ಮೊಟ್ಟೆಯೆಂದರೆ ನೂರು ಚಿಟ್ಟೆಗಳು ಇಟ್ಟ ಮೊಟ್ಟೆ, ಸುಮಾರು ನಾಲ್ವತ್ತು ಸಾವಿರ ಹುಳು. ಅದೇ ದಿನ ಮೈಸೂರಿನಲ್ಲಿದ್ದ ನಮ್ಮ ಸೋದರತ್ತೆಗೆ ಮೈ ಸರಿಯಿಲ್ಲವೆಂದು ಸುದ್ದಿ ಬಂದು ತಂದೆಯವರು ಹೊರಟರು. ಹೊಸಲು ದಾಟುವ ಮುನ್ನ, "ಕೂತಿವೆ. ಎಲ್ಲಾ ಎದ್ದ ಮೇಲೆ ಸೊಪ್ಪು ಹಾಕು. ಅಲ್ಲೀತನಕ ಕೈ ಆಡಿಸಬೇಡ" ಎಂದು ಹೇಳಿದರು.

ಮರುದಿನ ಬೆಳಗ್ಗೆ ನೋಡಿದರೆ ತಟ್ಟೆಯಲ್ಲಿ ಅಲ್ಲೊಂದು ಇಲ್ಲೊಂದು ಹುಳು ಎದ್ದು, ಹಸಿದು, ಹಾಸಿಗೆಯ ಮೇಲೆ ಅತ್ತಿತ್ತ ಹರಿದಾಡುತ್ತಿತ್ತು. ಅವನ್ನು ಕಂಡು ನನಗೆ ಕನಿಕರ ಹುಟ್ಟಿತು. ಜೊತೆಗೆ, ಕಾಲೇಜು ಓದುವವನು ಸುಮ್ಮನೆ ಕೂರುವುದೆ ಎಂಬ ಜಂಬವೂ ಇದ್ದಿರಬೇಕು. ಸೊಪ್ಪು ಕತ್ತರಿಸಿ ತಂದು ಹಾಕಿದೆ. ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ತಟ್ಟೆಯಲ್ಲಿ ಹಿಕ್ಕೆ ತುಂಬಿದೆಯೆಂದು ಕೆಲವು ತಟ್ಟೆಗಳನ್ನು ಚೊಕ್ಕಟ ಮಾಡಲು ಹೋಗಿ, ಇನ್ನೂ ಕೂತಿದ್ದ ಹುಳುಗಳನ್ನು ಬೆರಳಿನಿಂದ ಎತ್ತಿ ಎತ್ತಿ ಬೇರೆ ಕಡೆಗೆ ಇಟ್ಟೆ. ಅಜ್ಜಿ ಬಾಗಿಲಲ್ಲಿ ನಿಂತು ಬೇಡ ಬೇಡವೆಂದರು. ನಾನು ಕೇಳಲಿಲ್ಲ.

ಆ ಬೆಳೆ ಅರವತ್ತು ಕಿಲೋ ಗೂಡಾದರೂ ಬರಬೇಕಾಗಿತ್ತು. ಮೂವತ್ತೈದೂ ಬರಲಿಲ್ಲ. ಅರ್ಧ ಚರ್ಮ ಕಳಚಿ ಅರ್ಧ ಅಂಟಿಕೊಂಡು ಸತ್ತವು ಕೆಲವು. ಹಿಂದೆ ಬಿದ್ದು ಸೊರಗಿದವು ಹಲವು. ಉಳಿದವುಗಳಲ್ಲಿ ಕೆಲವು ಹಣ್ಣಾಗಿ ಚಂದ್ರಿಕೆಗೆ ಏರುವ ಹೊತ್ತಿಗೆ ಕೆಲವು ಇನ್ನೂ ಸೊಪ್ಪು ತಿನ್ನುತ್ತಿದ್ದವು. ಗೂಡು ಸಣ್ಣದು, ಬೆಲೆಯೂ ಸಣ್ಣದು. ನನ್ನ ಆ ವರ್ಷದ ಹಾಸ್ಟೆಲ್ ಖರ್ಚಿಗೂ ತಂಗಿಯ ಪುಸ್ತಕಕ್ಕೂ ಎಂದು ಎಣಿಸಿದ್ದ ಹಣ ಅದು. ತಂದೆಯವರು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

ಕಾಲೇಜಿಗೆ ಮರಳಿದ ಮೇಲೆ, ನನ್ನ ಬೆರಳು ಮಾಡಿದ ಅಪರಾಧವೇನು ಎಂದು ತಿಳಿಯುವ ಹಟ ಹಿಡಿಯಿತು. ಓದಿ ತಿಳಿದುದನ್ನು ನನಗೆ ಅರ್ಥವಾದಷ್ಟು ಇಲ್ಲಿ ಬರೆಯುತ್ತೇನೆ.

ನಮಗೆ ಎಲುಬು ಮೈಯೊಳಗೆ ಇದೆ. ಮಾಂಸ ಅದರ ಸುತ್ತ ಬೆಳೆಯುತ್ತದೆ. ಹುಳುಹುಪ್ಪಟೆಗಳಿಗೆ ಎಲುಬಿಲ್ಲ. ಕೈಟಿನ್ ಎಂಬ ಪದಾರ್ಥ ಸೇರಿದ ಹೊರಗಿನ ಹೊದಿಕೆಯೇ ಅವುಗಳ ಆಧಾರ, ಅದೇ ಕವಚ. ಈ ಹೊದಿಕೆ ಜೀವವಿರುವ ಚರ್ಮವಲ್ಲ. ಒಳಗಿನ ಚರ್ಮ ಒಸರಿ ಗಟ್ಟಿಯಾದದ್ದು. ಸ್ವಲ್ಪ ಹಿಗ್ಗೀತು, ಆದರೆ ಬೆಳೆಯಲಾರದು. ರೇಷ್ಮೆಹುಳುವೋ ಬೆಳವಣಿಗೆಯಲ್ಲಿ ಯಾರಿಗೂ ಸೋಲುವುದಲ್ಲ. ಹುಟ್ಟುವಾಗ ಒಂದು ಮಿಲಿಗ್ರಾಮಿನ ಅರ್ಧದಷ್ಟೂ ತೂಗದ ಹುಳು ಇಪ್ಪತ್ತೈದು ದಿನಗಳ ಆಸುಪಾಸಿನಲ್ಲಿ ನಾಲ್ಕೈದು ಗ್ರಾಮಾಗುತ್ತದೆ. ಎಂದರೆ ಸುಮಾರು 10,000 ಪಟ್ಟು. ಮಗುವಿಗೆ ಹೊಲಿಸಿದ ಅಂಗಿಯನ್ನು ಆನೆಗೆ ತೊಡಿಸಲಾದೀತೆ? ಅಂಗಿ ಬದಲಾಯಿಸಲೇಬೇಕು.

ಆದರೆ ಹಳೆಯದನ್ನು ಬಿಚ್ಚಿ ಹಾಕಿ ಆಮೇಲೆ ಹೊಸದನ್ನು ಹುಡುಕುವ ಅವಿವೇಕ ಹುಳುವಿಗಿಲ್ಲ. ಜ್ವರಕ್ಕೆ ಕೂತಾಗ ಹೊರಗೆ ಏನೂ ನಡೆಯದಂತೆ ಕಂಡರೂ ಒಳಗೆ ಬಿಡುವಿಲ್ಲದ ಕೆಲಸ. ಮೊದಲು ಜೀವಂತ ಚರ್ಮ ಹಳೆಯ ಹೊದಿಕೆಯಿಂದ ಬಿಡಿಸಿಕೊಳ್ಳುತ್ತದೆ. ನಡುವಣ ಸಂದಿಯಲ್ಲಿ ಒಂದು ಬಗೆಯ ದ್ರವ ತುಂಬುತ್ತದೆ. ಆ ದ್ರವ ಹಳೆಯ ಹೊದಿಕೆಯ ಒಳಪದರವನ್ನು ಕರಗಿಸುತ್ತದೆ. ಕರಗಿದ ಸಾರವನ್ನು ಮೈ ಮತ್ತೆ ಹೀರಿಕೊಳ್ಳುತ್ತದೆ. ಅದೇ ಹೊತ್ತಿಗೆ ಕೆಳಗೆ ಹೊಸ ಹೊದಿಕೆ ಮಡಿಕೆ ಮಡಿಕೆಯಾಗಿ ಸಿದ್ಧವಾಗುತ್ತದೆ. ಹೊಸ ತಲೆ ಹಳೆಯ ತಲೆಯ ಹಿಂದೆ ಮೂಡುತ್ತದೆ. ಜ್ವರದ ಹುಳುವಿನ ನೆತ್ತಿಯ ಹಿಂದೆ ಕಾಣುವ ಮಸುಕಾದ ಮಚ್ಚೆ ಅದೇ. ಎಲ್ಲವೂ ಸಿದ್ಧವಾದ ಮೇಲೆ ತಲೆಯ ಹಿಂಬದಿಯಲ್ಲಿ ಹಳೆಯ ಚರ್ಮ ಬಿರಿಯುತ್ತದೆ. ಹುಳು ಮೈಯನ್ನು ಅಲೆಯಲೆಯಾಗಿ ಮುಂದಕ್ಕೆ ನೂಕುತ್ತ ಹೊರಬರುತ್ತದೆ. ಉಸಿರಾಡುವ ನಾಳಗಳ ಒಳಪದರ, ಅನ್ನನಾಳದ ಒಳಪದರ, ಇವೂ ಹಳೆಯ ಚರ್ಮದೊಡನೆ ಕಳಚಿ ಬರುತ್ತವೆ. ಉಸಿರಿನ ದಾರಿಯನ್ನೂ ಊಟದ ದಾರಿಯನ್ನೂ ಒಟ್ಟಿಗೆ ಬದಲಾಯಿಸುವ ಪ್ರಾಣಿ ಆ ಹೊತ್ತಿನಲ್ಲಿ ಉಣ್ಣದೆ, ಅಲುಗದೆ ಕೂತರೆ ಆಶ್ಚರ್ಯವೇನು?

ನನ್ನ ಅಪರಾಧ ಈಗ ತಿಳಿಯಿತು. ಜ್ವರಕ್ಕೆ ಕೂರುವ ಮುನ್ನ ಹುಳು ತೆಳುವಾದ ರೇಷ್ಮೆ ಎಳೆಗಳನ್ನು ಹಾಸಿ, ತನ್ನ ಹಿಂಗಾಲುಗಳನ್ನು ಅದಕ್ಕೆ ಭದ್ರವಾಗಿ ಕಚ್ಚಿಸಿಕೊಂಡಿರುತ್ತದೆ. ಹಳೆಯ ಚರ್ಮ ಅಲ್ಲಿ ನೆಟ್ಟು ನಿಂತರೆ ತಾನೆ ಹುಳು ಮುಂದಕ್ಕೆ ಜಾರಬಹುದು? ನಾನು ಎತ್ತಿ ಬೇರೆಡೆ ಇಟ್ಟಾಗ ಆ ಹಿಡಿತ ತಪ್ಪಿತು. ಅಂಗಿಯ ತೋಳನ್ನು ಯಾರೂ ಹಿಡಿದುಕೊಳ್ಳದೆ ಅದರಿಂದ ಕೈ ಬಿಡಿಸಿಕೊಳ್ಳಲಾರದ ಕೂಸಿನಂತೆ ಕೆಲವು ಅರ್ಧದಲ್ಲೇ ಸಿಕ್ಕಿಬಿದ್ದವು. ಹಸಿ ಸೊಪ್ಪು ಹಾಕಿದ್ದರಿಂದ ಮತ್ತೊಂದು ಕೇಡಾಯಿತು. ಜ್ವರದ ಹೊತ್ತಿನಲ್ಲಿ ಹಾಸಿಗೆ ಒಣಗಿರಬೇಕು. ಅದಕ್ಕಾಗಿಯೇ ತಂದೆಯವರು ಸುಣ್ಣದ ಪುಡಿ ಉದುರಿಸುತ್ತಿದ್ದುದು. ಸೊಪ್ಪಿನ ತೇವ ಕೂತ ಹುಳುಗಳನ್ನು ಮುಚ್ಚಿತು. ಮೊದಲೆದ್ದವು ತಿಂದು ಮುಂದೆ ಹೋದವು, ಕಡೆಗೆದ್ದವು ಬಾಡಿದ ಸೊಪ್ಪಿಗೆ ಎದ್ದವು. ಬೆಳೆ ಒಂದೇ ಸಮನಾಗಿ ಬರುವ ಆಸೆ ಅಲ್ಲಿಗೆ ತೀರಿತು. ಎಲ್ಲ ಹುಳುಗಳೂ ಏಳುವವರೆಗೆ ಎದ್ದವನ್ನು ಹಸಿದಿರಗೊಡಬೇಕೆಂಬ ನಿಯಮ ನಿರ್ದಯವಾದುದಲ್ಲ, ಲೆಕ್ಕಾಚಾರದ್ದು.

ಹುಳುವಿಗೆ ಜ್ವರದ ಮುಹೂರ್ತ ತಿಳಿಸುವವರು ಯಾರು? ಇಪ್ಪತ್ತನೆಯ ಶತಮಾನದ ವಿಜ್ಞಾನಿಗಳು ಇದಕ್ಕೆ ಉತ್ತರ ಹುಡುಕಿದ ಕಥೆಯಲ್ಲಿ ನಮ್ಮ ರೇಷ್ಮೆಹುಳುವಿಗೇ ದೊಡ್ಡ ಪಾತ್ರ. ಜಪಾನಿನ ಫುಕುಡಾ ಎಂಬವರು 1940ರ ಸುಮಾರಿಗೆ, ಹುಳುವಿನ ಎದೆಯ ಭಾಗದಲ್ಲಿರುವ ಒಂದು ಗ್ರಂಥಿಯಿಂದ ಈ ಅಪ್ಪಣೆ ಹೊರಡುತ್ತದೆಂದು ತೋರಿಸಿದರು. 1954ರಲ್ಲಿ ಜರ್ಮನಿಯ ಬುಟೆನಾಂಟ್ ಮತ್ತು ಕಾರ್ಲ್‌ಸನ್ ಎಂಬವರು 500 ಕಿಲೋ ರೇಷ್ಮೆಕೋಶಗಳನ್ನು ಅರೆದು, ಸೋಸಿ, ಕಡೆಗೆ 25 ಮಿಲಿಗ್ರಾಂ ಹರಳನ್ನು ಪಡೆದರು. ಅದೇ ಎಕ್ಡೈಸೋನ್ ಎಂಬ ರಸ. ಮಿದುಳು ಗ್ರಂಥಿಗೆ ಸೂಚನೆ ಕೊಡುತ್ತದೆ, ಗ್ರಂಥಿ ಈ ರಸವನ್ನು ರಕ್ತಕ್ಕೆ ಬಿಡುತ್ತದೆ, ಚರ್ಮ ಕೆಲಸ ಆರಂಭಿಸುತ್ತದೆ. ಎಳೆತನದ ರಸವೆಂಬ ಇನ್ನೊಂದೂ ಇದೆ. ಅದು ಜೊತೆಗಿರುವವರೆಗೆ ಚರ್ಮ ಕಳಚಿದ ಹುಳು ಹುಳುವಾಗಿಯೇ ಉಳಿದು ದೊಡ್ಡದಾಗುತ್ತದೆ. ಅದು ಇಲ್ಲವಾದಾಗ ಹುಳು ಗೂಡಿನೊಳಗೆ ಚರ್ಮ ಕಳಚಿ ಕೋಶವಾಗುತ್ತದೆ. ಕೋಶದ ಸಿಪ್ಪೆಯನ್ನೂ ಕಳಚಿ ಚಿಟ್ಟೆಯಾಗುತ್ತದೆ. ನಮ್ಮ ಹಳ್ಳಿಯ ಲೆಕ್ಕದಲ್ಲಿ ನಾಲ್ಕು ಜ್ವರ, ಶಾಸ್ತ್ರದ ಲೆಕ್ಕದಲ್ಲಿ ಆರು.

ಒಮ್ಮೆ ಇದು ಅರ್ಥವಾದ ಮೇಲೆ ಹೊಲಗದ್ದೆಗಳಲ್ಲಿ ಎಲ್ಲೆಲ್ಲೂ ಇದೇ ಕಾಣತೊಡಗಿತು. ಗದ್ದೆಯ ಏಡಿಯ ಕಷ್ಟವೂ ಹುಳುವಿನದೇ. ಅದರ ಚಿಪ್ಪಂತೂ ಸುಣ್ಣ ಸೇರಿ ಕಲ್ಲಾದದ್ದು. ಕಳಚುವ ಮುನ್ನ ಅದರಲ್ಲಿನ ಸುಣ್ಣದ ಒಂದು ಭಾಗವನ್ನು ಮೈಯೊಳಕ್ಕೆ ಎಳೆದುಕೊಂಡು, ಹಿಂಬದಿಯ ಸಂದಿನಿಂದ ಹಿಮ್ಮೆಟ್ಟಿ ಹೊರಬರುತ್ತದೆ. ಆಮೇಲೆ ನೀರು ಕುಡಿದು ಮೈ ಉಬ್ಬಿಸಿ, ಹೊಸ ಚಿಪ್ಪು ಗಟ್ಟಿಯಾಗುವವರೆಗೆ ಬಿಲದಲ್ಲಿ ಅಡಗಿರುತ್ತದೆ. ಮುರಿದುಹೋದ ಕಾಲನ್ನು ಅದು ಮತ್ತೆ ಪಡೆಯುವುದೂ ಹೀಗೆ ಚಿಪ್ಪು ಬದಲಾಯಿಸುವಾಗಲೇ.

ಹಾವು ಪೊರೆ ಬಿಡುವುದನ್ನು ಅರಿಯದವರಿಲ್ಲ. ಹಾವಿಗೆ ಎಲುಬುಂಟು, ಆದರೂ ಮೇಲುಚರ್ಮ ಸವೆಯುತ್ತದೆ, ಮೈ ಬೆಳೆಯುತ್ತದೆ. ಹಳೆಯ ಪದರಕ್ಕೂ ಹೊಸ ಪದರಕ್ಕೂ ನಡುವೆ ದ್ರವ ಸೇರಿದಾಗ ಮೈಬಣ್ಣ ಮಾಸಿ, ಕಣ್ಣು ಹಾಲಿನಂತೆ ಬೆಳ್ಳಗಾಗುತ್ತದೆ. ಹಾವಿಗೆ ರೆಪ್ಪೆಯಿಲ್ಲ, ಕಣ್ಣಿನ ಮೇಲಿನ ಪಾರದರ್ಶಕ ಮುಚ್ಚಳವೂ ಚರ್ಮದ ಭಾಗವೇ, ಅದೂ ಪೊರೆಯೊಡನೆ ಹೋಗಬೇಕು. ಮುದುಕರ ಕಣ್ಣಿಗೆ ಬರುವುದನ್ನೂ ಹಾವು ಬಿಡುವುದನ್ನೂ ಕನ್ನಡದಲ್ಲಿ ಒಂದೇ ಮಾತಿನಿಂದ ಪೊರೆಯೆನ್ನುತ್ತೇವೆ. ಆ ದಿನಗಳಲ್ಲಿ ಹಾವಿಗೆ ಕಣ್ಣು ಮಂಜು, ಮನಸ್ಸಿಗೆ ಗಾಬರಿ. ಅದು ಮೂಲೆಯಲ್ಲಿ ಅಡಗಿರುತ್ತದೆ, ಕೆಣಕಿದರೆ ಕಚ್ಚಲೂಬಹುದು.

ಹಕ್ಕಿಯ ಕಾರಣವೇ ಬೇರೆ. ಪೂರ್ತಿ ಬೆಳೆದ ಗರಿ ನಮ್ಮ ಉಗುರಿನಂತೆ ನಿರ್ಜೀವ. ಹರಿದರೆ ಕೂಡಿಕೊಳ್ಳುವುದಿಲ್ಲ, ಸವೆದರೆ ತುಂಬಿಕೊಳ್ಳುವುದಿಲ್ಲ. ಆದುದರಿಂದ ಉದುರಿಸಿ ಹೊಸದನ್ನು ಬೆಳೆಸಬೇಕು. ಅನೇಕ ಹಕ್ಕಿಗಳು ಎಡರೆಕ್ಕೆಯಲ್ಲಿ ಒಂದು, ಬಲರೆಕ್ಕೆಯಲ್ಲಿ ಅದರ ಜೋಡಿ, ಹೀಗೆ ಸಮತೂಕ ತಪ್ಪದಂತೆ ಉದುರಿಸುತ್ತವೆ. ಬಾತುಗಳು ಹಾರುವ ಗರಿಗಳನ್ನೆಲ್ಲ ಒಮ್ಮೆಗೇ ಕಳೆದುಕೊಂಡು ಕೆಲವು ವಾರ ಹಾರಲಾರದೆ ನೀರಿನ ಜೊಂಡಿನಲ್ಲಿ ಮರೆಯಾಗಿರುತ್ತವೆ. ಗಂಡುನವಿಲು ಮಳೆಗಾಲದ ಕುಣಿತ ಮುಗಿದ ಮೇಲೆ ತನ್ನ ಸಿಂಗಾರವನ್ನೆಲ್ಲ ಹೊಲದಲ್ಲಿ ಬಿಟ್ಟು ಬೋಳುಬಾಲದಿಂದ ತಿರುಗುತ್ತದೆ. ನಾವು ಮನುಷ್ಯರೂ ಹೊರತಲ್ಲ. ನಮ್ಮ ಮೇಲುಚರ್ಮ ಪುಡಿಪುಡಿಯಾಗಿ ದಿನವೂ ಉದುರುತ್ತಿರುತ್ತದೆ. ಸ್ವಲ್ಪ ಸ್ವಲ್ಪವಾಗಿ ಹೋಗುವುದರಿಂದ ನಮಗೆ ಜ್ವರಕ್ಕೆ ಕೂರುವ ಕಷ್ಟವಿಲ್ಲ, ಅಷ್ಟೆ.

ಕವಚ ಕಳಚಿದ ಪ್ರಾಣಿಯಷ್ಟು ಮೆತ್ತಗಿನದು ಬೇರೊಂದಿಲ್ಲ. ಹೊಸ ಹೊದಿಕೆ ಮೆತ್ತಗಿರುವ ಆ ಅಲ್ಪಕಾಲದಲ್ಲಿಯೇ ಅದು ಹಿಗ್ಗಿ ಮುಂದಿನ ಬೆಳವಣಿಗೆಗೆ ಎಡೆ ಮಾಡಿಕೊಳ್ಳಬೇಕು. ಬೆಳೆಯಲು ಅನುಕೂಲವಾದ ಗಳಿಗೆಯೂ ಪ್ರಾಣಾಪಾಯದ ಗಳಿಗೆಯೂ ಒಂದೇ ಆಗಿದೆ. ಆಗ ಅದಕ್ಕೆ ಬೇಕಾದುದು ಆಹಾರವಲ್ಲ, ಉಪಚಾರವಲ್ಲ. ಸ್ವಲ್ಪ ಮರೆ, ಸ್ವಲ್ಪ ನೆಮ್ಮದಿ.

ಕಳೆದ ರಜೆಯಲ್ಲಿ ಊರಿಗೆ ಹೋದಾಗ ಹುಳು ಮತ್ತೆ ನಾಲ್ಕನೆಯ ಜ್ವರಕ್ಕೆ ಬಂದಿತ್ತು. ತಂದೆಯವರು ನನ್ನನ್ನು ಹುಳುಮನೆಗೆ ಕರೆದು, "ನೀನೇ ನೋಡ್ಕೋ" ಎಂದು ಹೇಳಿ ತೋಟಕ್ಕೆ ಹೊರಟುಹೋದರು. ರಾತ್ರಿಯೆಲ್ಲ ಬಾಗಿಲ ಬಳಿ ಚಾಪೆ ಹಾಕಿಕೊಂಡು, ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದೆ. ಬೆಳಗಿನ ಜಾವ ಒಂದೆರಡು ಎದ್ದು ತಲೆಯಾಡಿಸಿದವು. ಹಸಿವೆಂದು ತಿಳಿಯಿತು. ಆದರೂ ಸೊಪ್ಪಿನ ರಾಶಿಯ ಕಡೆ ತಿರುಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ತಟ್ಟೆ ತಟ್ಟೆಯೂ ಎದ್ದು ಹರಿದಾಡತೊಡಗಿದ ಮೇಲೆ ಅಜ್ಜಿಯನ್ನು ಕರೆದು ತೋರಿಸಿದೆ. ಅವರು ಬಗ್ಗಿ ನೋಡಿ, "ಈಗ ಹಾಕು" ಎಂದರು.

ಇಬ್ಬರೂ ಸೇರಿ ಸೊಪ್ಪು ಹಾಕಿದೆವು. ಸ್ವಲ್ಪ ಹೊತ್ತಿಗೆ ಹುಳುಮನೆಯ ತುಂಬ, ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದಂತೆ, ಸಾವಿರಾರು ಬಾಯಿಗಳು ಸೊಪ್ಪು ಕಡಿಯುವ ಸದ್ದು ಕೇಳಿಬಂದಿತು.