ಹಳೆಯ ತರ್ಕಚಿಪ್‌ನಿಂದ ಹೊಸದಕ್ಕೆ

‘ಮತ್ತು’, ‘ಅಥವಾ’, ‘ಅಲ್ಲ’ ಎಂಬ ಮೂರು ತಾರ್ಕಿಕ ದ್ವಾರಗಳನ್ನು ಕಲಿತ ವಿದ್ಯಾರ್ಥಿಯು ಅವುಗಳಿಂದ ಒಂದು ಗಡಿಯಾರವನ್ನು ಕಟ್ಟಹೊರಟರೆ, ಮೇಜಿನ ತುಂಬ ಚಿಪ್‌ಗಳೂ ತಂತಿಗಳೂ ಹರಡಿಕೊಳ್ಳುತ್ತವೆ. ಈ ತೊಡಕನ್ನು ಕಳೆಯಲೆಂದು ಅಮೆರಿಕದ ಮಾನೊಲಿಥಿಕ್ ಮೆಮೊರೀಸ್ ಸಂಸ್ಥೆಯು 1978ರಲ್ಲಿ ‘ಪಾಲ್’ ಎಂಬ ಚಿಪ್ಪನ್ನು ಹೊರತಂದಿತು. ಅದರೊಳಗೆ ದ್ವಾರಗಳು ಸಿದ್ಧವಾಗಿಯೇ ಇರುತ್ತವೆ. ಬೇಡದ ಸಂಪರ್ಕಗಳ ಸೂಕ್ಷ್ಮ ಫ್ಯೂಸುಗಳನ್ನು ಸುಟ್ಟರೆ ಉಳಿದುದೇ ನಮ್ಮ ವಿದ್ಯುನ್ಮಂಡಲ. ಆದರೆ ಸುಟ್ಟ ಫ್ಯೂಸು ಮತ್ತೆ ಕೂಡದು; ಒಂದು ತಪ್ಪಿಗೆ ಒಂದು ಚಿಪ್ ದಂಡ! 1985ರಲ್ಲಿ ಲ್ಯಾಟಿಸ್ ಸಂಸ್ಥೆಯ ‘ಗ್ಯಾಲ್’ ಬಂದ ಮೇಲೆ, ಬರೆದುದನ್ನು ವಿದ್ಯುತ್ತಿನಿಂದಲೇ ಅಳಿಸಿ ಮರಳಿ ಬರೆಯುವುದು ಸಾಧ್ಯವಾಯಿತು.

ಗ್ಯಾಲ್ 16ವಿ8 ಎಂಬುದರಲ್ಲಿ ಒಂದೊಂದು ಅಂಕವನ್ನು ನೆನಪಿಡಬಲ್ಲ ಕೋಶಗಳು ಎಂಟೇ. ಗಂಟೆ, ನಿಮಿಷ, ಸೆಕೆಂಡುಗಳ ಬಿಡಿ ಅಂಕಿಗಳನ್ನು ತೋರುವ ಗಡಿಯಾರಕ್ಕಾದರೋ ಅಂತಹ ಕೋಶಗಳು 20 ಬೇಕು. ಎಂದರೆ ಮೂರು ಗ್ಯಾಲ್‌ಗಳು! ಹೊಸ ಬಗೆಯ ಎಫ್‌ಪಿಜಿಎ ಚಿಪ್ಪಾದ ಐಸ್40 ಎಚ್‌ಎಕ್ಸ್1ಕೆಯಲ್ಲಿ ಇರುವ ಕೋಶಗಳು 1280.

ಇದರ ಕಾರ್ಯವಿಧಾನವೂ ಬೇರೆ. ನಾಲ್ಕು ಸಂಕೇತಗಳ ಸತ್ಯಕೋಷ್ಟಕದಲ್ಲಿ 16 ಸಾಲುಗಳಿರುವುದನ್ನು ನಾವು ಬಲ್ಲೆವಷ್ಟೆ. ಪ್ರತಿಯೊಂದು ಕೋಶವೂ ಆ 16 ಉತ್ತರಗಳನ್ನು ಪುಟ್ಟ ಸ್ಮೃತಿಯೊಂದರಲ್ಲಿ ಬರೆದಿಟ್ಟುಕೊಂಡು, ಸಂಕೇತಗಳು ಬಂದೊಡನೆ ತಕ್ಕ ಸಾಲನ್ನು ಓದಿ ಹೇಳುತ್ತದೆ. ಲೆಕ್ಕ ಮಾಡುವುದಿಲ್ಲ, ಮಗ್ಗಿ ಒಪ್ಪಿಸುತ್ತದೆ ಎನ್ನಬಹುದು. ವಿದ್ಯುತ್ತು ಹೋದರೆ ಈ ಸ್ಮೃತಿ ಅಳಿಸಿಹೋಗುವುದರಿಂದ, ಸಾಮಾನ್ಯವಾಗಿ ಪಕ್ಕದಲ್ಲೊಂದು ಫ್ಲಾಶ್ ಚಿಪ್ಪನ್ನಿರಿಸಿ, ಪ್ರತಿಸಲವೂ ಅದರಿಂದ ಪಾಠವನ್ನು ತುಂಬಿಕೊಳ್ಳಬೇಕು. ಗ್ಯಾಲ್‌ಗೆ ಈ ಗೋಜಿಲ್ಲ.

ಹವ್ಯಾಸಿಗಳಿಗೆ ನಿಜವಾದ ಅಪಾಯವಿರುವುದು ವೋಲ್ಟೇಜಿನಲ್ಲಿ. ಗ್ಯಾಲ್ 5 ವೋಲ್ಟಿನದು. ಐಸ್40ರ ಕಾಲುಗಳು 3.3 ವೋಲ್ಟಿನವು. ಹಳೆಯ ಮಂಡಲದ 5 ವೋಲ್ಟಿನ ತಂತಿಯನ್ನು ನೇರವಾಗಿ ಜೋಡಿಸಿದರೆ ಹೊಸ ಚಿಪ್ ಕೆಟ್ಟುಹೋಗಬಹುದು. 3.3 ವೋಲ್ಟಿನಲ್ಲಿ ನಡೆಯುವ 74ಎಲ್‌ವಿಸಿ245 ಚಿಪ್ಪನ್ನು ನಡುವೆ ಇರಿಸಿದರೆ, ಅದು 5 ವೋಲ್ಟನ್ನು ತಾಳಿಕೊಂಡು 3.3ನ್ನು ಮುಂದೆ ಕಳುಹಿಸುತ್ತದೆ. ಮರುದಿಕ್ಕಿನಲ್ಲಿ ತೊಂದರೆ ಇನ್ನೊಂದು. 5 ವೋಲ್ಟಿನ 74ಎಚ್‌ಸಿ ಜಾತಿಯವು ‘ಒಂದು’ ಎಂದು ಒಪ್ಪಲು ಸುಮಾರು 3.5 ವೋಲ್ಟನ್ನು ಬೇಡುತ್ತವೆ, 3.3 ಸಾಲದು. 74ಎಚ್‌ಸಿಟಿ ಜಾತಿಗೆ 2 ವೋಲ್ಟೇ ಸಾಕು.

ಕಲಿಕೆಗೆ ಐಸ್40ನ್ನು ನಾವು ಸೂಚಿಸಲು ಕಾರಣವುಂಟು. ಅದರೊಳಗೆ ತುಂಬುವ ಕಡತದ ಗುಟ್ಟನ್ನು ‘ಐಸ್‌ಸ್ಟಾರ್ಮ್’ ಯೋಜನೆಯವರು 2015ರಲ್ಲಿ ಬಿಡಿಸಿ ಪ್ರಕಟಿಸಿದ ಕಾರಣ, ಬೇಕಾದ ತಂತ್ರಾಂಶವೆಲ್ಲ ಉಚಿತ. ಆದರೂ 5 ವೋಲ್ಟಿನ ಹಳೆಯ ಕಂಪ್ಯೂಟರಿನಲ್ಲಿ ನಾಲ್ಕೈದು ದ್ವಾರಗಳ ಕೆಲಸವಷ್ಟೇ ಇದ್ದರೆ, ಗ್ಯಾಲ್‌ನ ಜಾತಿಯದೇ ಆದ ಎಟಿಎಫ್16ವಿ8 ಚಿಪ್ಪನ್ನು ಅದೇ ಸಾಕೆಟ್ಟಿನಲ್ಲಿ ಕೂರಿಸುವುದೇ ಲೇಸು.